ಹಾಸು ಮುಗಿಯದ ಬಾಡಿಗೆ ಮನೆ

ನನ್ನ ಸರ, ಬಳೆ ಎಲ್ಲಾ ಮಾರಿ ತಿರುಪ್ಪೂರಿನಲ್ಲಿ ಎರಡು ಕೋಣೆಯ ಒಂದು ಮನೆ ತೊಗೊಂಡೆವು. ಇರೋದಕ್ಕಲ್ಲ, ಬಾಡಿಗೆಗೆ ಬಿಡೋದಕ್ಕೆ. ಬರೀ ಮಗ್ಗ ನಂಬಿ ಮುದುಕರಾಗೋದು ಬೇಡ ಅಂತ ನಾನೇ ಗಂಡನ ತಲೆ ತಿಂದಿದ್ದೆ. ಮನೆ ಅಗ್ಗಕ್ಕೆ ಸಿಕ್ಕಿತು. ಯಾಕೆಂದರೆ ನಮ್ಮ ಜಾತಿಯವನೇ ಒಬ್ಬ ನೇಕಾರ ಹೆಂಡತಿಯ ಜೊತೆ ಒಳಗೆ ಬಾಡಿಗೆಗಿದ್ದ. ಮಗ್ಗದ ಮೇಲೆ ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ಇರೋವರೆಗೂ ಯಾರನ್ನೂ ಮನೆಯಿಂದ ಎಬ್ಬಿಸಬಾರದು ಅನ್ನೋದು ನಮ್ಮಲ್ಲಿ ಕಟ್ಟಳೆ.

"ಈ ಹಾಸು ಮುಗೀಲಿ ಅಣ್ಣಾ, ಅವತ್ತೇ ಖಾಲಿ ಮಾಡ್ತೀನಿ" ಅಂದ. ನನ್ನ ಗಂಡ ಒಪ್ಪಿ ವೀಳ್ಯ ತೊಗೊಂಡರು. ಇಪ್ಪತ್ತು ದಿನದ ಮಾತು ಅಂತ ಇಬ್ಬರೂ ಹಿಗ್ಗಿದೆವು.

ಆ ಹಿಗ್ಗಿನಲ್ಲೇ ಒಬ್ಬ ಹತ್ತಿ ವ್ಯಾಪಾರಿಗೆ ಮೂಟೆ ಇಡೋಕೆ ಅಂತ ಮನೆ ಕೊಡೋ ಮಾತಾಯಿತು. ಒಂದು ವರ್ಷದ ಬಾಡಿಗೆ ಮುಂಗಡ ಕೊಟ್ಟ. ಅದನ್ನ ಹೆಂಚು ಹೊದಿಸೋಕೆ ಸುರಿದೆವು. ಪೊಂಗಲ್ ಹಬ್ಬದೊಳಗೆ ಬೀಗದಕೈ ಕೊಡದಿದ್ದರೆ ಮನೆಯನ್ನೇ ಬರೆದುಕೊಡಬೇಕು ಅಂತ ಪತ್ರ. ಅದಕ್ಕೂ ಹೆಬ್ಬೆಟ್ಟು ಒತ್ತಿದ್ದಾಯಿತು.

ಇಪ್ಪತ್ತು ದಿನ ಹೋಗಿ ನಲವತ್ತಾಯಿತು. ನೋಡಿಕೊಂಡು ಬಂದ ನನ್ನ ಗಂಡ ಜಗಲಿ ಮೇಲೆ ಕುಸಿದು ಕೂತರು. "ಕೆಚ್ಚಿದಾರೆ ಕಣೇ" ಅಂದರು. ಹಳೇ ಎಳೆಗಳ ತುದಿಗೆ ಹೊಸ ಎಳೆ ಸೇರಿಸಿ ಹೊಸೆದುಬಿಟ್ಟಿದ್ದರು. ಹಾಗೆ ಕೆಚ್ಚಿಕೊಂಡು ಹೋದರೆ ಹಾಸು ಮುಗಿಯೋದು ಯಾವಾಗ? ಮೂರು ತಲೆಮಾರಿಂದ ನಾವೂ ಹಾಗೇ ನೇಯ್ದವರು, ವೀಳ್ಯ ತೊಗೊಳ್ಳುವಾಗ ಒಬ್ಬರ ಮಂಡೆಗೂ ಹೊಳೀಲಿಲ್ಲವಲ್ಲ!

ಅವತ್ತಿಂದ ಬೀದಿಯಲ್ಲಿ ಗಾಡಿ ಸದ್ದಾದರೆ ವ್ಯಾಪಾರಿಯೇ ಬಂದ ಅಂತ ಒಳಗೆ ಓಡುತ್ತಿದ್ದೆ. ಪೊಂಗಲ್‌ಗೆ ಎಂಟು ದಿನ ಇರುವಾಗ ಕತ್ತರಿಯನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೆ. ಹಾಸು ಕತ್ತರಿಸಿದರೆ ಕಟ್ಟಳೆಯೂ ಮುಗೀತಲ್ಲ! ನೇಕಾರರ ಮನೆಯ ಹೆಣ್ಣು ಇಂಥದ್ದನ್ನ ಯೋಚಿಸಬಹುದೇ? ಯೋಚಿಸಿದೆ. ದಾರಿಯುದ್ದಕ್ಕೂ ನನ್ನನ್ನ ಕಂಡರೆ ನನಗೇ ಹೆದರಿಕೆ.

ನೇಕಾರ ಮನೆಯಲ್ಲಿರಲಿಲ್ಲ. ಅವನ ಹೆಂಡತಿ, ತುಂಬು ಬಸುರಿ, ಮಗ್ಗದ ಮುಂದೆ ಕೂತು ಮತ್ತೆ ಎಳೆ ಕೆಚ್ಚುತ್ತಿದ್ದಳು. ನನ್ನನ್ನ ಕಂಡವಳೇ ಕೈ ಸೆರಗಿನಡಿ ಬಚ್ಚಿಟ್ಟಳು.

"ಮನೆ ಎಲ್ಲೂ ಸಿಗ್ತಿಲ್ಲ ಅಕ್ಕಾ. ಮಗ್ಗ ಹೂಡೋಕೆ ನೆಲದಲ್ಲಿ ಗುಂಡಿ ತೋಡಬೇಕು ಅಂದ್ರೆ ಬಾಗಿಲು ಹಾಕ್ತಾರೆ. ನೀವು ಎಬ್ಬಿಸಿಬಿಡ್ತೀರಿ ಅಂತ ನಂಗೆ ಭಯ."

"ನನಗೂ ಭಯವೇ ಕಣೇ, ಮುಂಡೇದೇ!" ಅಂತ ಕಿರುಚಿದೆ. ಕಿರುಚಿ ಅಲ್ಲೇ ಕೂತು ಅತ್ತುಬಿಟ್ಟೆ. ಅವಳು ಮಜ್ಜಿಗೆ ತಂದುಕೊಟ್ಟಳು.

ಅಲ್ಲಿಂದ ನೆಟ್ಟಗೆ ವ್ಯಾಪಾರಿಯ ಮಂಡಿಗೆ ಹೋದೆ. ನಾವು ವಾಸವಿದ್ದ ಸ್ವಂತ ಮನೆ ರೈಲು ಸ್ಟೇಷನ್ನಿಗೆ ಹತ್ತಿರ, ಮೂಟೆ ಸಾಗಿಸೋಕೆ ಸುಲಭ. "ಅದನ್ನೇ ತೊಗೊಳ್ಳಿ" ಅಂದೆ. ಅವನು ಸಾಮಾನ್ಯನೇ? ಅದೇ ಮುಂಗಡಕ್ಕೆ ಎರಡು ವರ್ಷ ಬೇಕು ಅಂದ. ಎಳೆದೂ ಎಳೆದೂ ಒಂದೂವರೆ ವರ್ಷಕ್ಕೆ ಇಳಿಸಿದೆ. ಹಳೇ ಪತ್ರ ನನ್ನ ಕಣ್ಣೆದುರಿಗೇ ಹರಿದುಹಾಕಿಸಿದೆ.

"ನಾವೆಲ್ಲಿಗೆ ಹೋಗೋದು?" ಅಂದರು ನನ್ನ ಗಂಡ. ಇನ್ನೆಲ್ಲಿಗೆ? ಆ ಎರಡು ಕೋಣೆಯಲ್ಲಿ ಒಂದು ಅವರಿಗೆ, ಒಂದು ನಮಗೆ. ಒಂದೂವರೆ ವರ್ಷ ನಮ್ಮ ಬಾಡಿಗೆಯವಳ ಒಲೆಯ ಅಡುಗೆಯನ್ನೇ ಉಂಡೆ, ಅವಳ ಮಗುವಿಗೆ ನೀರು ಹಾಕಿದೆ. ಅವತ್ತು ನಾನು ಸೊಂಟದಲ್ಲಿ ಏನು ಸಿಕ್ಕಿಸಿಕೊಂಡು ಬಂದಿದ್ದೆ ಅನ್ನೋದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.