ಘೇಂಡಾಮೃಗದ ಕೊಂಬಿಗೆ ನಾನು ಮಾಡಿಕೊಟ್ಟ ಡ್ರಿಲ್ ಬಿಟ್

ಹೆಗ್ಗನಹಳ್ಳಿಯಲ್ಲಿ ನನ್ನದೊಂದು ಸಣ್ಣ ಲೇತ್ ಶೆಡ್ ಇದೆ. ನಾನು ಏಳನೇ ಕ್ಲಾಸಿಗೇ ಓದು ಬಿಟ್ಟವನು. ನನ್ನ ತಂಗಿ ಮಾತ್ರ ಓದಿದಳು, ಪ್ರಾಣಿಗಳ ವಿಷಯವನ್ನೇ ಓದಿದಳು. ಈಗ ಅಸ್ಸಾಮಿನ ಕಾಡೊಂದರಲ್ಲಿ ಘೇಂಡಾಮೃಗಗಳನ್ನು ಉಳಿಸುವ ಕೆಲಸದಲ್ಲಿದ್ದಾಳೆ. ಅವಳಿಗೆ ನಾನು ಮಾಡಿದ ಒಂದು ಕೆಟ್ಟ ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೋದ ವರ್ಷ ದಸರಾಕ್ಕೆ ಮೂಡಲಪಾಳ್ಯದ ನಮ್ಮ ಮನೆಗೆ ಬಂದಾಗ ಅವಳು ಒಂದು ಕಾಗದ ತಂದಿದ್ದಳು. ಅದರಲ್ಲಿ ಒಂದು ಡ್ರಿಲ್ ಬಿಟ್‌ನ ಚಿತ್ರ. ಬಿಟ್‌ನ ಕುತ್ತಿಗೆಯಲ್ಲಿ ತಡೆಗೆಂದು ಒಂದು ಬಳೆ, ಅದು ತಾಗುವ ಆಳಕ್ಕಿಂತ ಒಂದು ಕೂದಲೆಳೆಯೂ ಒಳಗೆ ಹೋಗಬಾರದು.

"ಇದ್ಯಾತಕ್ಕಮ್ಮಾ?"

"ಘೇಂಡಾಮೃಗದ ಕೊಂಬಿಗೆ ತೂತು ಹಾಕೋಕೆ ಅಣ್ಣ. ಅದಕ್ಕೆ ಮತ್ತು ಬರೋ ಇಂಜೆಕ್ಷನ್ ಕೊಟ್ಟು, ಕೊಂಬಿನೊಳಗೆ ಒಂದು ಸಣ್ಣ ಯಂತ್ರ ಇಡ್ತೀವಿ. ಅದು ಎಲ್ಲಿ ಓಡಾಡ್ತಿದೆ ಅಂತ ನಮಗೆ ಗೊತ್ತಾಗುತ್ತೆ. ಉಗುರು ಕತ್ತರಿಸಿದ ಹಾಗೆ, ನೋವಾಗಲ್ಲ. ಆದ್ರೆ ಜಾಸ್ತಿ ಆಳಕ್ಕೆ ಹೋದ್ರೆ ರಕ್ತ ಬರುತ್ತೆ."

"ಅದು ಎಲ್ಲಾದ್ರೂ ಓಡಾಡ್ಕೊಳ್ಲಿ ಬಿಡು."

"ಬಿಡೋಕಾಗಲ್ಲ. ಅದು ಮೇಯ್ದ ಕಡೆ ಆಳೆತ್ತರದ ಹುಲ್ಲು ಗಿಡ್ಡ ಆಗುತ್ತೆ, ಅಲ್ಲಿಗೆ ಜಿಂಕೆ ಬರುತ್ತೆ. ಹೊರಳಾಡಿದ ಗುಂಡೀಲಿ ನೀರು ನಿಲ್ಲುತ್ತೆ. ಅದರ ಲದ್ದೀಲಿ ಮರದ ಬೀಜ ಮೊಳೆಯುತ್ತೆ. ಈ ಸಲ ಒಂದು ಹೆಣ್ಣನ್ನ ಬೇರೆ ಕಾಡಿಂದ ತಂದು ಬಿಡ್ತಿದೀವಿ. ಅದು ಅಲ್ಲೇ ನೆಲೆ ನಿಲ್ಲುತ್ತೋ, ಭತ್ತದ ಗದ್ದೆ ಕಡೆ ಹೋಗಿ ಯಾರ ಕೈಗಾದ್ರೂ ಸಿಗುತ್ತೋ ನೋಡ್ಬೇಕಲ್ಲ." ಆಮೇಲೆ ದನಿ ತಗ್ಗಿಸಿದಳು. "ಈ ಕಾಗದ ಯಾರಿಗೂ ತೋರಿಸ್ಬೇಡ."

ಆ ಕೊನೆಯ ಮಾತೇ ನನ್ನ ತಲೆಯಲ್ಲಿ ಉಳಿಯಿತು. ಒಳ್ಳೆಯ ಕೆಲಸಕ್ಕೆ ಗುಟ್ಟು ಯಾಕೆ? ಕೊಂಬು ಕದ್ದು ಸಾಗಿಸುವವರ ಸುದ್ದಿಯನ್ನು ನಾನೂ ಪೇಪರಿನಲ್ಲಿ ಓದಿದ್ದೆ. ಆ ಕೊಂಬು ಮೂಳೆಯಲ್ಲ, ಕೂದಲಿನ ಹಾಗಿನ ವಸ್ತು ಎಂದೂ ಅದರಲ್ಲೇ ಓದಿದ್ದೆ.

ಎರಡು ದಿನ ಕಳೆದು ನಾನು ತಾರಸಿಗೆ ಬಟ್ಟೆ ತೆಗೆಯಲು ಹೋದಾಗ ಅವಳು ಫೋನಿನಲ್ಲಿದ್ದಳು. ಆ ತುದಿಯಲ್ಲಿ ಅವರ ಕಾಡಿನ ಪ್ರಾಣಿಗಳ ಡಾಕ್ಟರು, ಮೈಸೂರು ಕಡೆಯವರು, ಕನ್ನಡದಲ್ಲೇ ಮಾತು. "ಹತ್ತು ನಿಮಿಷದಲ್ಲಿ ಕೊಂಬಿನ ಕೆಲಸ ಮುಗೀಬೇಕು ಸಾರ್. ಅದು ಏಳೋಷ್ಟರಲ್ಲಿ ನಾವು ಜಾಗ ಖಾಲಿ ಮಾಡಿರ್ಬೇಕು." ನನ್ನನ್ನು ಕಂಡು ಮಾತು ನಿಲ್ಲಿಸಿ ನಕ್ಕಳು. ಆ ನಗುವೂ ನನಗೆ ಸರಿಯೆನಿಸಲಿಲ್ಲ.

ಬಿಟ್ ಪರೀಕ್ಷೆ ಮಾಡಲೆಂದು ಬಟ್ಟೆಯಲ್ಲಿ ಸುತ್ತಿದ ಒಂದು ಕಪ್ಪು ತುಂಡು ಕೊಟ್ಟಿದ್ದಳು. ಎಮ್ಮೆ ಕೊಂಬು ಎಂದಳು. ನಮ್ಮ ಕಸುಬಿನವರಿಗೆ ಒಂದು ಅಭ್ಯಾಸ ಇದೆ, ಯಾವ ವಸ್ತುವಿನ ಮೇಲೆ ಅನುಮಾನ ಬಂದರೂ ಗ್ರೈಂಡಿಂಗ್ ಕಲ್ಲಿಗೆ ಹಿಡಿಯುತ್ತೇವೆ. ಕಿಡಿ ಹಾರುವ ರೀತಿ ನೋಡಿ ಉಕ್ಕಿನ ಜಾತಿ ಹೇಳುತ್ತೇವೆ. ಆ ತುಂಡನ್ನೂ ಕಲ್ಲಿಗೆ ಹಿಡಿದೆ. ಕಿಡಿ ಇಲ್ಲ, ಕೂದಲು ಸುಟ್ಟ ವಾಸನೆ ಶೆಡ್ಡೆಲ್ಲ ತುಂಬಿತು. ಪೇಪರಿನಲ್ಲಿ ಓದಿದ ಆ ಕೊಂಬೇ ಇದು ಎಂದು ತೀರ್ಮಾನಿಸಿಬಿಟ್ಟೆ. ಎಮ್ಮೆ ಕೊಂಬಾದರೂ, ನನ್ನ ಉಗುರಾದರೂ ಸುಟ್ಟರೆ ಅದೇ ವಾಸನೆ ಬರುತ್ತದೆ ಎಂದು ನನಗೆ ಆಗ ಗೊತ್ತಿರಲಿಲ್ಲ. ಯಾರನ್ನೂ ಕೇಳಲಿಲ್ಲ. ಮೂವತ್ತು ವರ್ಷ ಲೋಹ ಕಂಡವನು ನಾನು, ನನ್ನ ಕಲ್ಲು ಸುಳ್ಳು ಹೇಳುವುದಿಲ್ಲ ಅಂದುಕೊಂಡೆ.

ಮನೆಯಲ್ಲಿ ಹೆಂಡತಿಗೆ ಹೇಳಿದೆ.

"ನಿಮಗೇನು ತಲೆ ಕೆಟ್ಟಿದ್ಯಾ? ಇರುವೆ ತುಳಿಯೋಕೂ ಹೆದರೋ ಹುಡುಗಿ ಅವಳು," ಅಂದಳು. "ಅನುಮಾನ ಇದ್ರೆ ಅವಳನ್ನೇ ಕೇಳಿ."

ಕೇಳಲು ನನಗೆ ಬಾಯಿ ಬರಲಿಲ್ಲ. ಅವಳು ವಿವರಿಸುತ್ತಾಳೆ, ಅರ್ಧ ಅರ್ಥವಾಗುವುದಿಲ್ಲ, ನಾನು ತಲೆಯಾಡಿಸುತ್ತೇನೆ. ಬಹಳ ವರ್ಷಗಳಿಂದ ನಮ್ಮಿಬ್ಬರ ಮಾತು ಹೀಗೇ ನಡೆದಿದೆ. ಓದಿದ ತಂಗಿ ನನ್ನನ್ನು ಸುಲಭವಾಗಿ ಏಮಾರಿಸಬಲ್ಲಳು ಎಂಬ ಕಹಿ ಒಳಗೆ ಎಲ್ಲೋ ಇತ್ತು. ಅದನ್ನು ಇವತ್ತು ಒಪ್ಪಿಕೊಳ್ಳುತ್ತೇನೆ.

ಬಿಟ್ ಮಾಡಿದೆ. ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಗಟ್ಟಿಯಾಗುತ್ತದೆ, ಆದರೆ ಗಾಜಿನ ಹಾಗೆ ಪೆಡಸಾಗುತ್ತದೆ. ಆಮೇಲೆ ಮತ್ತೊಮ್ಮೆ ಹದವಾಗಿ ಕಾಯಿಸಬೇಕು. ಅದಕ್ಕೆ ಟೆಂಪರ್ ಎನ್ನುತ್ತೇವೆ. ಟೆಂಪರ್ ಆದರೆ ಮಾತ್ರ ಉಕ್ಕು ಪೆಟ್ಟು ತಡೆಯುತ್ತದೆ. ನಾನು ಬೇಕೆಂದೇ ಟೆಂಪರ್ ಮಾಡಲಿಲ್ಲ. ಶೆಡ್ಡಿನ ಮೆಷಿನ್ನಿನಲ್ಲಿ ನೇರವಾಗಿ ಇಳಿದರೆ ತೂತು ಚೆನ್ನಾಗಿಯೇ ಬೀಳುತ್ತದೆ, ಕಾಡಿನಲ್ಲಿ ಕೈಯಲ್ಲಿ ಹಿಡಿದಾಗ ಸ್ವಲ್ಪ ಓರೆಯಾದರೂ ಮುರಿಯುತ್ತದೆ. ಕೊಂಬಿನ ಸುತ್ತ ತೂತು ಹಾಕಿ ಬಿಡಿಸಿಕೊಳ್ಳುತ್ತಾರೆ ಎಂದು ನಾನು ಎಣಿಸಿದ್ದೆ. ಬಿಟ್ ಮುರಿದರೆ ಕಳ್ಳತನ ಆಗುವುದಿಲ್ಲ, ತಂಗಿ ಜೈಲಿಗೆ ಹೋಗುವುದಿಲ್ಲ. ಹೀಗಿತ್ತು ನನ್ನ ಲೆಕ್ಕ.

ಅವಳ ಎದುರೇ ಆ ಕಪ್ಪು ತುಂಡಿಗೆ ತೂತು ಹಾಕಿ ತೋರಿಸಿದೆ. "ಸೂಪರ್ ಅಣ್ಣ! ನಮ್ಮ ಡಾಕ್ಟರು ಕುಣಿದಾಡ್ತಾರೆ," ಎಂದು ನನ್ನ ಗ್ರೀಸ್ ಕೈಯನ್ನೇ ಹಿಡಿದು ಕುಲುಕಿದಳು.

ಒಂದು ತಿಂಗಳಿಗೆ ಅವಳ ಫೋನ್ ಬಂತು. ಅಳುತ್ತಿದ್ದಳು. ಆ ಹೆಣ್ಣು ಪ್ರಾಣಿಗೆ ಮತ್ತು ಕೊಟ್ಟು, ಕಣ್ಣಿಗೆ ಬಟ್ಟೆ ಕಟ್ಟಿ, ಮೈಗೆ ನೀರು ಸುರಿಯುತ್ತ ಕೆಲಸ ಶುರು ಮಾಡಿದ್ದರಂತೆ. ಕೈ ಒಂದಿಷ್ಟು ವಾಲಿತು, ಬಿಟ್ ಪಟ್ಟನೆ ಮುರಿಯಿತು, ತುದಿ ಕೊಂಬಿನಲ್ಲೇ ಸಿಕ್ಕಿಕೊಂಡಿತು. ಅದರ ಉಸಿರು ಸರಿಯಿಲ್ಲ, ಇನ್ನು ಕಾಯುವುದು ಬೇಡ ಎಂದು ಡಾಕ್ಟರು ಎಚ್ಚರದ ಇಂಜೆಕ್ಷನ್ ಕೊಟ್ಟರು. ಅದು ಎದ್ದು, ಯಂತ್ರವಿಲ್ಲದೆಯೇ, ಹುಲ್ಲಿನೊಳಗೆ ಮಾಯವಾಯಿತು.

"ಯಾವ ಪ್ರಾಣಿಗೆ ಏನು ಹಾಕ್ತೀವಿ ಅಂತ ಬೇಟೆಯವರಿಗೆ ಗೊತ್ತಾಗ್ಬಾರ್ದು ಅಂತ ಇಷ್ಟು ದಿನ ಬಾಯಿ ಬಿಟ್ಟಿರ್ಲಿಲ್ಲ ಅಣ್ಣ. ಈಗ ಅದು ಎಲ್ಲಿದೆ ಅಂತ ನಮಗೇ ಗೊತ್ತಿಲ್ಲ."

ಆಗ ನನಗೆ ಎಲ್ಲ ಅರ್ಥವಾಯಿತು. ಆದರೂ ನನ್ನ ಬಾಯಿಂದ ಬಂದ ಮಾತು: "ಉಕ್ಕೇ ಸರಿ ಇರ್ಲಿಲ್ವೇನೋ. ಅಂಗಡಿಯವನು ಮೋಸ ಮಾಡಿರ್ಬೇಕು."

ಮೂರು ವಾರ ಅವರು ಆನೆಗಳ ಮೇಲೆ ಕೂತು ಹುಡುಕಿದರು. ಮೂರು ವಾರವೂ ನಾನು ಪೇಪರು ಬಿಡಿಸುವಾಗ ಕೊಂಬಿಲ್ಲದ ಹೆಣದ ಚಿತ್ರ ಇದ್ದೀತೆಂದು ಹೆದರಿದೆ. ಕೊನೆಗೆ ಅದನ್ನು ತೋರಿಸಿಕೊಟ್ಟದ್ದು ಲದ್ದಿ. ಘೇಂಡಾಮೃಗ ಲದ್ದಿ ಹಾಕಲು ಮತ್ತೆ ಮತ್ತೆ ಒಂದೇ ಜಾಗಕ್ಕೆ ಬರುತ್ತದಂತೆ. ಕಾಡಿನ ಅಂಚಿನಲ್ಲಿ ಒಂದು ಹೊಸ ಗುಡ್ಡೆ ಕಂಡು ಕಾದು ಕೂತರು. ಎರಡನೇ ದಿನ ಅದು ಬಂತು, ಕೊಂಬಿನಲ್ಲಿ ನನ್ನ ಉಕ್ಕಿನ ತುಣುಕಿನ ಸಮೇತ.

ಯುಗಾದಿಗೆ ಬಂದವಳು ಉಳಿದ ಅರ್ಧ ಬಿಟ್ಟನ್ನು ಶೆಡ್ಡಿನ ಮೇಜಿನ ಮೇಲೆ ಇಟ್ಟಳು. "ನಮ್ಮಣ್ಣನ ಕೈತಪ್ಪು ಅಲ್ಲ, ಸ್ಟೀಲ್‌ದು ಅಂತ ಡಾಕ್ಟರ ಹತ್ರ ಜಗಳಾನೇ ಆಡಿದೀನಿ. ಇನ್ನೊಂದು ಮಾಡ್ಕೊಡು. ಬೇರೆ ಅಂಗಡಿ ಸ್ಟೀಲ್ ತಗೋ."

ಮುರಿದ ಜಾಗ ಸಕ್ಕರೆಯ ಹಾಗೆ ಹೊಳೆಯುತ್ತಿತ್ತು. ಲೇತ್ ಹಿಡಿದ ಯಾರೇ ನೋಡಿದರೂ ಇದಕ್ಕೆ ಟೆಂಪರ್ ಆಗಿಲ್ಲ ಎನ್ನುತ್ತಿದ್ದರು. ಅವಳಿಗೆ ಅದು ಓದಲು ಬರುವುದಿಲ್ಲ. ಸುಮ್ಮನಿದ್ದುಬಿಡಬಹುದಿತ್ತು. ಆದರೆ ಅವಳು ನನ್ನ ಪರವಾಗಿ ಜಗಳವಾಡಿದ್ದಳು. ಹೇಳಿಬಿಟ್ಟೆ. ಕಲ್ಲಿಗೆ ಹಿಡಿದದ್ದು, ವಾಸನೆ, ತಾರಸಿಯ ಫೋನು, ಎಲ್ಲವನ್ನೂ ಹೇಳಿದೆ.

ಅವಳು ಆ ಮುರಿದ ಬಿಟ್ಟನ್ನು ಕೈಗೆತ್ತಿಕೊಂಡಳು. "ನನ್ನನ್ನ ಕಳ್ಳಿ ಅಂದ್ಕೊಂಡ್ಯಾ?"

"ಹೂಂ."

"ಅದು ಸತ್ತಿದ್ರೆ?"

ಹೊರಟೇಹೋಗುತ್ತಾಳೆ ಅಂದುಕೊಂಡೆ. ಅವಳು ಸ್ಟೂಲ್ ಎಳೆದುಕೊಂಡು ಲೇತ್ ಪಕ್ಕದಲ್ಲಿ ಕೂತಳು. "ಈಗ ಮಾಡು. ನಾನು ನೋಡ್ತೀನಿ."

ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಉಕ್ಕು ಕಾಯಿಸುವುದು, ಎಣ್ಣೆಗೆ ಅದ್ದುವುದು, ಟೆಂಪರ್, ಒಂದೊಂದನ್ನೂ ಯಾಕೆ ಎಂದು ಕೇಳಿದಳು. ಮೊದಲ ಸಲ ನಾನು ವಿವರಿಸಿದೆ, ಅವಳು ಕೇಳಿಸಿಕೊಂಡಳು. ತಲೆಯಾಡಿಸಲಿಲ್ಲ, ಕಣ್ಣು ನನ್ನ ಕೈ ಬಿಟ್ಟು ಕದಲಲಿಲ್ಲ. ಮುಗಿದ ಮೇಲೆ ಬಿಟ್ಟನ್ನು ಮೇಜಿನ ವೈಸಿನ ಇಕ್ಕಳಕ್ಕೆ ಕಚ್ಚಿಸಿ ಓರೆಯಾಗಿ ಒತ್ತಿ ತೋರಿಸಿದೆ. ಮುರಿಯಲಿಲ್ಲ.

"ಇನ್ನೊಂದ್ಸಲ ಒತ್ತಣ್ಣ," ಅಂದಳು. "ಜೋರಾಗಿ."