ಒಂದು ‘ಗೆಟ್’, ಎರಡು ಕೋಣೆ

ನನಗೆ ಇಂಗ್ಲಿಷ್ ಬರುವುದಿಲ್ಲ. ಹೆಬ್ಬೆಟ್ಟಿನವಳಲ್ಲ, ಕನ್ನಡ ಓದಿ ಬರೆಯುತ್ತೇನೆ, ಅಷ್ಟೇ. ಆದರೆ ಇಂಗ್ಲಿಷಿನ ಒಂದೇ ಒಂದು ಪದ ನನಗೆ ಗೊತ್ತಿರುವಷ್ಟು ಯಾವ ಪದವೀಧರನಿಗೂ ಗೊತ್ತಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆ. ಆ ಪದ ‘ಗೆಟ್’. ಅದರ ಹೆಸರೆತ್ತಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಅದು ಯುದ್ಧದ ಕಾಲ. ನಮ್ಮ ಸೀಮೆ ಇನ್ನೂ ನಿಜಾಮರ ಕೈಯಲ್ಲಿತ್ತು. ನಮ್ಮ ಮನೆಯವರು ಮಾನ್ವಿಯ ಶಾಲೆಯೊಂದರಲ್ಲಿ ಹಂಗಾಮಿ ಮಾಸ್ತರರು. ಉರ್ದುವಿನಲ್ಲಿ ಪಾಠ ಹೇಳುತ್ತಿದ್ದರು, ಉರ್ದುವಿನಲ್ಲಿ ಅರ್ಜಿ ಬರೆಯುತ್ತಿದ್ದರು, ಕನ್ನಡದಲ್ಲಿ ನನ್ನ ಜೊತೆ ಜಗಳ ಆಡುತ್ತಿದ್ದರು. ಕೆಲಸ ಕಾಯಂ ಆಗಬೇಕಾದರೆ ರಾಯಚೂರಿಗೆ ಹೋಗಿ ಪರೀಕ್ಷೆ ಪಾಸು ಮಾಡಬೇಕು. ಉಳಿದದ್ದೆಲ್ಲ ಆಗಿತ್ತು, ಇಂಗ್ಲಿಷ್ ಮಾತ್ರ ಎರಡು ಸಲ ಹೋಗಿತ್ತು. ಮೂರನೆಯ ಸಲವೂ ಹೋದರೆ ಊರ ದಾರಿ ಹಿಡಿಯಿರಿ ಎಂದು ಮೇಲಿನವರು ಹೇಳಿ ಕಳಿಸಿದ್ದರು.

ಊರು ಎಂದರೆ ದೇವದುರ್ಗ. ಅಲ್ಲಿ ಅತ್ತೆ, ಮೂವರು ನೆಗೆಣ್ಣಿಯರು, ಒಂದೇ ಒಲೆ. ನಾನು ಕೊನೆಯ ಸೊಸೆ. ಎಲ್ಲರೂ ಉಂಡ ಮೇಲೆ ಬುಟ್ಟಿಯ ತಳದಲ್ಲಿ ಉಳಿದ ರೊಟ್ಟಿ ನನ್ನದು. ನಾಲ್ಕು ವರ್ಷದಲ್ಲಿ ಒಂದು ದಿನವೂ ನನ್ನ ಮನಸ್ಸಿಗೆ ಬಂದ ಪಲ್ಯ ಮಾಡಿದವಳಲ್ಲ. ಮಾನ್ವಿಯಲ್ಲಿ ಎರಡು ಕೋಣೆ ಬಾಡಿಗೆಗೆ ಸಿಕ್ಕ ದಿನ ನಾನು ಮೊದಲು ಮಾಡಿದ್ದು ಪುಂಡಿಪಲ್ಯ, ಬೆಳ್ಳುಳ್ಳಿ ಕೈಬಿಚ್ಚಿ ಹಾಕಿ. ಆ ಒಲೆ ನನ್ನದು. 

ಹಿಂದಿನ ಎರಡೂ ಸಲ ಪರೀಕ್ಷೆಯಲ್ಲಿ ಒಂದು ಸಣ್ಣ ಪ್ರಶ್ನೆ ಇತ್ತಂತೆ. ‘ಗೆಟ್’ ಎಂಬ ಪದದ ಐದು ಬೇರೆ ಬೇರೆ ಅರ್ಥಗಳನ್ನು ವಾಕ್ಯಗಳಲ್ಲಿ ತೋರಿಸಿರಿ. ಮೊದಲ ಸಲ ಇವರಿಗೆ ಮೂರು ಹೊಳೆದವು, ಎರಡನೆಯ ಸಲ ನಾಲ್ಕು. ಆ ಒಂದು ಕೊರತೆ ಇವರ ಮರ್ಯಾದೆಗೆ ತಗುಲಿಬಿಟ್ಟಿತು. ಎಲ್ಲಿಂದಲೋ ಹಳೆಯ ಇಂಗ್ಲಿಷ್-ಉರ್ದು ನಿಘಂಟು ಎರವಲು ತಂದರು. ಅದರಲ್ಲಿ ‘ಗೆಟ್’ ಮುಗಿಯುವುದಕ್ಕೆ ಪುಟ ತಿರುವಬೇಕಿತ್ತು. ಹಾಸಿಲ್ ಕರ್ನಾ, ಲಾನಾ, ಪಹುಂಚ್ನಾ, ಸಮಝ್ನಾ. ಎಲ್ಲವನ್ನೂ ಕನ್ನಡಕ್ಕೆ ತಿರುಗಿಸಿ, ಕನ್ನಡ ಅಕ್ಷರದಲ್ಲಿ ಬರೆದು ನನ್ನ ಕೈಗಿಟ್ಟರು.

“ನೀ ನೋಡಿಕೋತ ಕೂಡು, ನಾ ಹೇಳತೀನಿ. ತಪ್ಪಿದ್ರ ತಡಿ.”

ಹಗಲೆಲ್ಲ ಅವರಿಗೆ ಶಾಲೆ. ಸಂಜೆ ದೀಪ ಹಚ್ಚೋಣ ಎಂದರೆ ಸೀಮೆಎಣ್ಣೆ ಅಳತೆಯಲ್ಲಿ ಸಿಗುವ ಕಾಲ. ಉಳಿದದ್ದು ಬೆಳಗಿನ ಜಾವ, ನಾನು ಜೋಳ ಬೀಸುವ ಹೊತ್ತು. ಕಲ್ಲಿನ ಆಚೆ ಕೂತು ಕತ್ತಲಲ್ಲೇ ಒಪ್ಪಿಸುತ್ತಿದ್ದರು. ಕತ್ತಲಲ್ಲಿ ಚೀಟಿ ಕಾಣುವುದಿಲ್ಲ, ಹಾಗಾಗಿ ತಪ್ಪು ಹಿಡಿಯಲು ನಾನೂ ಬಾಯಿಪಾಠ ಮಾಡಬೇಕಾಯಿತು. ತವರಿನಿಂದ ತಂದ ಬೀಸುವ ಹಾಡುಗಳು ನನ್ನ ಹೊಟ್ಟೆಯಲ್ಲೇ ಉಳಿದವು. ಕಲ್ಲು ತಿರುಗಿದ್ದು ಪಡೆ, ತಾ, ಆಗು, ತಲುಪು, ತಿಳಿದುಕೋ ಎಂಬ ತಾಳಕ್ಕೆ. ಅದರ ಬೆನ್ನಿಗೆ ಬಾಲ ಹಚ್ಚಿಕೊಂಡು ಬರುವವು ಬೇರೆ. ಗೆಟ್ ಅಪ್ ಎಂದರೆ ಏಳು, ಗೆಟ್ ಡೌನ್ ಎಂದರೆ ಇಳಿ, ಗೆಟ್ ಔಟ್ ಎಂದರೆ ಹೊರಬೀಳು, ಗೆಟ್ ಅಲಾಂಗ್ ಎಂದರೆ ಹೊಂದಿಕೊಂಡು ಹೋಗು. ಸಾಲದ್ದಕ್ಕೆ ಅಬ್ಟೇನ್, ರಿಸೀವ್, ಫೆಚ್, ಅರ್ನ್ ಎಂದು ಅದರ ಅಣ್ಣತಮ್ಮಂದಿರು. ಇಷ್ಟು ಜನ ಮನೆಯಲ್ಲಿದ್ದೂ ಎಲ್ಲ ಕೆಲಸವನ್ನು ಆ ಒಬ್ಬನಿಂದಲೇ ಮಾಡಿಸುವ ಇಂಗ್ಲಿಷರ ಮೇಲೆ ನನಗೆ ಕೆಟ್ಟ ಸಿಟ್ಟು ಬರುತ್ತಿತ್ತು.

“ಅರ್ಧ ಲೋಕ ಆಳೋ ಮಂದಿಗೆ ಮಾತಿಗೆ ಇಷ್ಟು ಬರ ಬಂದದೇನ್ರಿ?” ಎಂದೆ ಒಂದು ದಿನ.

“ನಮ್ದೇನು ಕಡಿಮಿ ಅದ? ‘ಹಾಕು’ ತಗೋ. ಕೀಲಿ ಹಾಕು, ಉಣ್ಣಾಕ ಹಾಕು, ಕಸ ಹಾಕು, ಗಂಟು ಹಾಕು, ಕೂಗು ಹಾಕು.”

“ಹಾಕು ಬರಲಿಲ್ಲ ಅಂತ ಯಾರೂ ನಮ್ಮನ್ನ ಊರಿಗೆ ಕಳಸಂಗಿಲ್ಲ. ಮುಂದಿಂದು ಹೇಳ್ರಿ.”

ಪಟ್ಟಿ ಮುಗಿದಿದ್ದರೆ ಚಿಂತೆ ಇರಲಿಲ್ಲ. ಇವರು ಅದನ್ನು ಬೆಳೆಸುತ್ತಲೇ ಹೋದರು. ಅಂಚೆ ಕಚೇರಿಯ ಬಾಬುವನ್ನು ಕೇಳಿ ಎರಡು ತಂದರು. ಮದ್ದಿನ ಶೀಶೆಯ ಮೇಲಿನ ಚೀಟಿ ಓದಿ ಒಂದು ತಂದರು. ಸಂತೆಗೆ ಬದನೆಕಾಯಿ ತರಲು ಕಳಿಸಿದರೆ ಬರಿಗೈಯಲ್ಲಿ ಬಂದು, ದಾರಿಯಲ್ಲಿ ಒಂದು ಹೊಳೆಯಿತು ಎಂದು ಹಲ್ಲು ಬಿಡುತ್ತಿದ್ದರು. ಒಮ್ಮೆ ನನಗೆ ಜ್ವರ ಬಂದು ಎದ್ದೇಳಲಾಗದೆ ಮಲಗಿದ್ದೆ. ಪಾಪ, ಕಷಾಯಕ್ಕೆ ನೀರಿಟ್ಟು ಬಂದು ಹಣೆ ಮುಟ್ಟಿ ನೋಡಿದರು. ನೋಡುತ್ತಿದ್ದಂತೆ ಅವರ ಮುಖ ಅರಳಿತು. “ಗೆಟ್ ವೆಲ್! ಗೆಟ್ ವೆಲ್ ಅಂದ್ರ ಆರಾಮಾಗು! ಇದು ಬರಕೊಂಡೇ ಇಲ್ಲ ನೋಡು!” ಚೀಟಿ ಹುಡುಕಲು ಹೋದವರು ಒಲೆ ಮರೆತರು. ಕಷಾಯ ಬತ್ತಿ ಪಾತ್ರೆ ಕರಕಾಯಿತು. ನಾನೇ ಎದ್ದು ಇಳಿಸಿದೆ.

“ಅಲ್ಲರೀ, ಪರೀಕ್ಷಾದಾಗ ಬ್ಯಾರೆ ಏನೂ ಕೇಳಂಗಿಲ್ಲೇನು?”

“ಕೇಳತಾರ. ತರ್ಜುಮಿ ಕೊಡತಾರ, ಪತ್ರ ಬರೀ ಅಂತಾರ.”

“ಮತ್ತ ಅದನ್ನೊಂದೀಟು ಓದ್ರಿ.”

“ಅದು ಬರತದ. ಬರಲಾರದ್ದನ್ನ ಓದಾಕತ್ತೀನಿ.”

 ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದೇ ಬಾಕಿ. ಕೊನೆಯ ವಾರ ಮಾತ್ರ ಒಂದೂ ತಪ್ಪದೆ, ಒಂದು ಸೇರು ಜೋಳ ಬೀಸಿ ಮುಗಿಯುವವರೆಗೂ ಒಪ್ಪಿಸಿದರು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಹೇಳಲಿಲ್ಲ.

ಪರೀಕ್ಷೆಯ ಹಿಂದಿನ ದಿನ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು ರಾಯಚೂರಿನ ಮೋಟಾರು ಹತ್ತಿಸಿದೆ. ಪೆಟ್ರೋಲು ಸಿಗದೆ ಇದ್ದಿಲಿನ ಮೇಲೆ ಓಡುತ್ತಿದ್ದ ಗಾಡಿ ಅದು. ಮರುದಿನ ಸಂಜೆ ಮುಖವೆಲ್ಲ ಮಸಿಯಾಗಿ ಬಂದಿಳಿದರು. ಹೊಸ್ತಿಲ ಹೊರಗಿನಿಂದಲೇ ಕೂಗಿದರು.

“ಬಂತು! ಅದಾ ಪ್ರಶ್ನಿ ಬಂತು!”

ನಾನು ನಂಬಿದೆ. ನಂಬದೆ ಏನು ಮಾಡಲಿ, ಅಷ್ಟು ಖುಷಿಯಾಗಿದ್ದರು. ಮರುವಾರ ಸುಣ್ಣ ತಂದು ನೆನೆಹಾಕಿ, ಬಾಡಿಗೆಯ ಗೋಡೆ ಎನ್ನದೆ ಎರಡೂ ಕೋಣೆಗೆ ನಾನೇ ಬಳಿದೆ. ಅಂಗೈ ಸುಲಿದುಹೋಯಿತು. ಒಲೆಯ ಹಿಂದಿನ ಮೂಲೆಯಲ್ಲಿ ಖಾರದ ಗಡಿಗೆಗೊಂದು, ಉಪ್ಪಿನ ಗಡಿಗೆಗೊಂದು ಮಣ್ಣಿನ ಕಟ್ಟೆ ಕಟ್ಟಿದೆ. ಇನ್ನು ಇಪ್ಪತ್ತು ವರ್ಷ ಇಲ್ಲೇ ಇರುವವಳ ಹಾಗೆ.

ಎರಡು ತಿಂಗಳ ಮೇಲೆ ಕಾಗದ ಬಂತು. ಇಂಗ್ಲಿಷ್ ಹೋಗಿತ್ತು. ಹತ್ತು ದಿನದಲ್ಲಿ ಕೆಲಸ ಬಿಡಬೇಕೆಂದೂ ಅದರಲ್ಲೇ ಬರೆದಿತ್ತು.

ನನಗೆ ತಿಳಿಯಲೇ ಇಲ್ಲ. “ಪ್ರಶ್ನಿ ಬಂದಿತ್ತಲ್ಲರೀ? ಐದು ಬರೀಲಿಲ್ಲೇನು?”

“ಬರದೆ.”

“ಎಷ್ಟು ಬರದ್ರಿ?”

ಅವರು ನೆಲ ನೋಡಿದರು. “ಎಲ್ಲಾ ಬರದೆ.”

ಪಟ್ಟಿಯಲ್ಲಿದ್ದ ಅಷ್ಟನ್ನೂ, ಒಂದೊಂದಕ್ಕೂ ವಾಕ್ಯ ಮಾಡಿ, ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದರು. ಕೊಟ್ಟ ಹಾಳೆ ಮುಗಿದು ಮತ್ತೆರಡು ಸಲ ಎದ್ದು ನಿಂತು ಹಾಳೆ ಕೇಳಿದ್ದರು. ಗಂಟೆ ಹೊಡೆದಾಗ ತರ್ಜುಮೆಯ ಒಂದು ಸಾಲೂ ಆಗಿರಲಿಲ್ಲ. ಪತ್ರ ಬರೆಯಿರಿ ಎಂದ ಕಡೆ ‘ಡಿಯರ್ ಸರ್’ ಎಂದಷ್ಟೇ ಬರೆದು ಬಂದಿದ್ದರು. ಇಷ್ಟಾದ ಮೇಲೂ ಪಾಸಾಗುತ್ತೇನೆ ಎಂದು ಎರಡು ತಿಂಗಳು ನಗುನಗುತ್ತಾ ಇದ್ದರಲ್ಲ, ಅದಕ್ಕೇನನ್ನಬೇಕು?

ಅಂದು ನಾನು ಆಡಬಾರದ್ದೆಲ್ಲ ಆಡಿದೆ. ಐದು ಎಂದರೆ ಐದು, ಎಣಿಸಲು ಬೆರಳಿರಲಿಲ್ಲವೇ ಎಂದೆ. ಮಕ್ಕಳಿಗೆ ಏನು ಕಲಿಸುತ್ತೀರಿ ಎಂದೆ.  ನಾನು ಸುಸ್ತಾಗಿ ಕೂತ ಮೇಲೆ ಅವರು ಮೆಲ್ಲಗೆ ಹೇಳಿದರು.

“ಐದು ಬರದು ಮುಂದ ಹೋಗಬೇಕಂತ ಮಾಡಿದ್ದೆ. ಯಾವ ಐದು ಬರೀಲಿ? ಒಂದೊಂದನ್ನೂ ನೀ ಕತ್ತಲದಾಗ ಕುಂತು, ಕಲ್ಲು ತಿರುವಿಕೋತ ಕಲಿಸಿದ್ದಿ. ಒಂದು ಬಿಡಬೇಕಂದ್ರೂ ನೀ ಎದುರಿಗಿ ಕುಂತಂಗ ಆತು. ಬಿಡಾಕ ಮನಸ್ಸು ಬರಲಿಲ್ಲ.”

ಬೇರೆ ಹೆಂಗಸಾಗಿದ್ದರೆ ಆ ಮಾತಿಗೆ ಕಣ್ಣೀರು ಹಾಕುತ್ತಿದ್ದಳೋ ಏನೋ. ನನಗೆ ಬಂದದ್ದು ಇನ್ನಷ್ಟು ಸಿಟ್ಟು. ಮನೆಯಲ್ಲಿ ಆರು ತಿಂಗಳು ಎದುರಿಗೇ ಕೂತಿದ್ದೆನಲ್ಲ, ಆಗ ಒಂದು ದಿನ, ನಿನ್ನ ಕೈ ನೋಯುತ್ತದೆಯೇ ಎಂದು ಕೇಳಲಿಲ್ಲ. ಅಷ್ಟು ಪ್ರೀತಿ ತೋರಿಸಲು ಇವರಿಗೆ ಸರ್ಕಾರದ ಹಾಳೆಯೇ ಬೇಕಾಗಿತ್ತೇ?

ಹತ್ತನೆಯ ದಿನ ದೇವದುರ್ಗದಿಂದ ಭಾವನವರು ಎತ್ತಿನ ಗಾಡಿ ಕಳಿಸಿದರು. ಪಾತ್ರೆ ಪಗಡ ಏರಿಸಿದ್ದಾಯಿತು. ಸುಣ್ಣದ ಗೋಡೆಯನ್ನು ನಾನು ತಿರುಗಿ ನೋಡಲಿಲ್ಲ. ಇವರು ಮೊದಲು ಹತ್ತಿ, ನನಗಾಗಿ ಕೈ ಚಾಚಿದರು. ನಾನು ಅದನ್ನು ಹಿಡಿಯಲಿಲ್ಲ. ಗಾಲಿಯ ಮೇಲೆ ಕಾಲಿಟ್ಟು ನಾನೇ ಹತ್ತಿದೆ.