ಬಬೂನ್ ಬಂದಾಗ ಅತ್ತೆ ಎತ್ತ ನೋಡುತ್ತಿದ್ದರು

ಅತ್ತೆ ವಿಕ್ಟೋರಿಯಾ ಜಲಪಾತವನ್ನು ನೋಡಿದ್ದಾರೋ ಇಲ್ಲವೋ ಎಂಬುದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಆಗ ನಾನು ಅವರ ಪಕ್ಕದಲ್ಲೇ ಇದ್ದೆ. ದಿನಚರಿ ಬರೆಯುವ ಅಭ್ಯಾಸವೂ ನನಗಿದೆ. ಆದರೂ ಸಾಕ್ಷಿ ಹೇಳು ಎಂದರೆ ತಡವರಿಸುತ್ತೇನೆ.

ಅತ್ತೆ ಮೈಸೂರಿನ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಕೈ ಎತ್ತದೆ ಒಂದೇ ಗೆರೆಯಲ್ಲಿ ಬೋರ್ಡಿನ ಮೇಲೆ ಆಫ್ರಿಕಾ ಬರೆಯುತ್ತಿದ್ದರು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳು ಅವರ ಮಗಳಷ್ಟೇ ಅಲ್ಲ, ವಿದ್ಯಾರ್ಥಿನಿಯೂ ಆಗಿದ್ದರಿಂದ ಒಪ್ಪದೆ ವಿಧಿಯಿಲ್ಲ. ಜಾಂಬೆಜಿ ಎಲ್ಲಿ ಹುಟ್ಟುತ್ತದೆ, ಎಲ್ಲಿ ಧುಮುಕುತ್ತದೆ ಎಂದು ಅಷ್ಟು ವರ್ಷ ಪಾಠ ಮಾಡಿದವರು ಅದನ್ನು ಒಮ್ಮೆಯೂ ಕಂಡಿರಲಿಲ್ಲ. ಐರ್ಲೆಂಡಿನ ಕಾರ್ಕ್ ಪಕ್ಕದ ಡಗ್ಲಸ್‌ನಲ್ಲಿರುವ ನಮ್ಮ ಮನೆಗೆ ಬಂದ ಕೆಲವೇ ದಿನಗಳಲ್ಲಿ, "ಇಲ್ಲಿಂದ ಆಫ್ರಿಕಾ ಹತ್ರ ಅಲ್ವೇನ್ರಿ?" ಎಂದು ಕೇಳಿದರು. ಹತ್ತಿರವಲ್ಲ ಎಂಬುದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಮಂಡಿ ಪೂರ್ತಿ ಕೈಕೊಡುವ ಮೊದಲು ಅದೊಂದನ್ನು ಕಣ್ಣಾರೆ ನೋಡಬೇಕೆಂಬುದು ಅವರ ಆಸೆ ಎಂದು ಹೆಂಡತಿ ಆಮೇಲೆ ಬಿಡಿಸಿ ಹೇಳಿದಳು.

ಯಾವಾಗ ಹೋಗಬೇಕೆಂದು ಅತ್ತೆಯೇ ನಿರ್ಧರಿಸಿದರು. ನಮ್ಮ ಕಡೆಯವರಿಗೆ ಜಲಪಾತವೆಂದರೆ ಜೋಗ, ಜೋಗವೆಂದರೆ ಮಳೆಗಾಲ. ಬೇಸಿಗೆಯಲ್ಲಿ ಜೋಗಕ್ಕೆ ಹೋಗಿ ಬಂದವರನ್ನು ನೋಡಿ ಬಂದವರೆಂದು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಜಾಂಬೆಜಿ ತುಂಬಿ ಹರಿಯುವುದು ಏಪ್ರಿಲ್‌ನಲ್ಲಿ ಎಂದು ಅತ್ತೆ ನೆನಪಿನಿಂದಲೇ ಹೇಳಿದರು. ನಮ್ಮ ಮಗಳಿಗೆ ಶಾಲೆಯ ಈಸ್ಟರ್ ರಜೆಯೂ ಆಗಲೇ. ಏಪ್ರಿಲ್ ಬೇಡ ಎಂದು ಯಾರೋ ಅಂತರ್ಜಾಲದಲ್ಲಿ ಬರೆದದ್ದನ್ನು ಓದಿದ ನೆನಪು ನನಗಿದೆ. ಅಥವಾ ಬಂದ ಮೇಲೆ ಓದಿ, ಮೊದಲೇ ಓದಿದ್ದೆ ಎಂದು ಈಗ ಅನ್ನಿಸುತ್ತಿರಬಹುದು.

ಜಾಂಬಿಯಾದ ಕಡೆಯಿಂದ ಒಳಹೊಕ್ಕೆವು. ಬಾಗಿಲಲ್ಲಿ ರೈನ್‌ಕೋಟ್ ಬಾಡಿಗೆಗೆ ಕೊಡುತ್ತಿದ್ದರು. ಅತ್ತೆ ಬೇಡವೆಂದರು, ಡಗ್ಲಸ್‌ನಿಂದ ತಂದ ಕೊಡೆಯಿತ್ತು. ಕಾರ್ಕ್‌ನ ಮಳೆ ಕಂಡವರಿಗೆ ಬೇರೆ ಮಳೆಯ ಭಯವಿಲ್ಲ ಎಂದು ನಾನೂ ದನಿಗೂಡಿಸಿದೆ. ಆದರೆ ಅಲ್ಲಿ ಮಳೆ ಬರುವುದು ಕೆಳಗಿನಿಂದ. ಕಮರಿಗೆ ಬಿದ್ದ ನೀರು ಹನಿಯಾಗಿ ಮೇಲಕ್ಕೆದ್ದು, ಕೊಡೆಯ ಅಡಿಗೆ ನುಗ್ಗಿ, ಅಲ್ಲಿಂದ ನಮ್ಮ ತಲೆಯ ಮೇಲೆ ಸುರಿಯಿತು. ಎದುರಿಗೆ ಬರೀ ಬಿಳುಪು. ಒಳಗೆಲ್ಲೋ ನೂರು ಲಾರಿ ಜಲ್ಲಿ ಸುರಿಯುತ್ತಿರುವಂಥ ಸದ್ದು. "ಸೋ ವಿ ಕೇಮ್ ಆಲ್ ದಿಸ್ ವೇ ಫಾರ್ ರೇನ್?" ಎಂದಳು ಮಗಳು, ಅಪ್ಪಟ ಕಾರ್ಕ್ ರಾಗದಲ್ಲಿ.

ಅತ್ತೆ ವಿಚಲಿತರಾಗಲಿಲ್ಲ. ಜೋಗದಲ್ಲಿ ಮಂಜು ಮುಚ್ಚಿದಾಗ ಮಾಡುವುದನ್ನೇ ಮಾಡಿದರು: ಸ್ವಲ್ಪ ಹಿಂದೆ ಸರಿದು, ಬೆಂಚಿನ ಮೇಲೆ ಕೂತು, ಕೋಡುಬಳೆಯ ಡಬ್ಬಿ ತೆಗೆದರು. ಕಾಯಬೇಕು, ಸರಿಯುತ್ತದೆ. ನಾವೂ ಕೂತೆವು. ಜೊತೆಗಿದ್ದ ಸ್ಥಳೀಯ ಗೈಡ್ ತುಂಬ ಹೊತ್ತು ತಾಳಿ, ಯಾತಕ್ಕೆ ಕಾಯುತ್ತಿದ್ದೀರಿ ಎಂದು ಕೇಳಿದ. ಮಂಜು ಸರಿಯಲಿ ಎಂದು, ಎಂದೆ. ಅದು ಮಂಜಲ್ಲ, ಜಲಪಾತವೇ. ಸರಿಯಬೇಕಾದರೆ ನದಿ ಇಳಿಯಬೇಕು, ಅದಕ್ಕೆ ಇನ್ನೂ ಕೆಲವು ತಿಂಗಳು ಬೇಕು ಎಂದು ಅವನು ಬಹಳ ವಿನಯದಿಂದ ವಿವರಿಸಿದ. ನಾನು ಅನುವಾದಿಸಿದೆ.

"ಜೋಗದಲ್ಲೂ ಹೀಗೇ ಹೇಳ್ತಾರೆ," ಎಂದರು ಅತ್ತೆ.

ಅಲ್ಲಿನವರು ಆ ಜಲಪಾತವನ್ನು 'ಗುಡುಗುವ ಹೊಗೆ' ಎಂದು ಕರೆಯುತ್ತಾರೆ. ಅದನ್ನು ಅತ್ತೆ ತರಗತಿ ತರಗತಿಗೂ ಬಾಯಿಪಾಠ ಮಾಡಿಸಿದ್ದರು. ಗುಡುಗು ಕೇಳಿಸುತ್ತಿತ್ತು, ಹೊಗೆ ಕಾಣುತ್ತಿತ್ತು. ಪಠ್ಯದ ಪ್ರಕಾರ ಎಲ್ಲವೂ ಸರಿಯಾಗಿಯೇ ಇತ್ತು. ಆದರೆ ಅವರ ಮುಖ ಮೆಲ್ಲಗೆ ಸಣ್ಣದಾಗತೊಡಗಿತ್ತು. ಮಗಳು ಅದನ್ನು ಗಮನಿಸಿರಬೇಕು, ಪರವಾಗಿಲ್ಲ ಎನ್ನುವುದಕ್ಕೆ ಕಾರ್ಕ್‌ನವರು ಹೇಳುವಂತೆ "ಇಟ್ಸ್ ಗ್ರ್ಯಾಂಡ್, ಅಜ್ಜಿ," ಎಂದು ಅವರ ಒದ್ದೆ ತೋಳು ಸವರಿದಳು.

ಆಗ ಬಬೂನ್ ಬಂತು. ಪೊದೆಯಿಂದ ಹೊರಬಂದು, ಪರಿಚಿತರ ಮನೆಗೆ ಬಂದಂತೆ ನಡೆದು, ಡಬ್ಬಿಗೆ ಕೈಹಾಕಿತು. ನಾನು ಡಬ್ಬಿಯ ಇನ್ನೊಂದು ತುದಿ ಹಿಡಿದೆ. ಬಿಡಿ ಎಂದು ಗೈಡ್ ಕೂಗಿದ, ಬಿಡಬೇಡಿ ಎಂದು ಹೆಂಡತಿ ಕೂಗಿದಳು. ಮಗಳು ವಿಡಿಯೋ ಮಾಡುತ್ತಿದ್ದಳು. ಅದರ ಹಲ್ಲು ನೋಡಿ ನಾನೇ ಬಿಟ್ಟೆ. ಅದು ಒಂದು ಕೋಡುಬಳೆ ಕಚ್ಚಿ, ಖಾರಕ್ಕೋ ಏನೋ ತಲೆ ಕೊಡವಿ, ಉಳಿದದ್ದನ್ನು ಡಬ್ಬಿಯ ಸಮೇತ ಒಯ್ದಿತು.

ನಾವು ತಿರುಗಿದರೆ ಅತ್ತೆ ಕಮರಿಯ ಕಡೆಯ ಕಟಕಟೆಯ ಬಳಿ ನಿಂತಿದ್ದರು.

"ಕಾಣ್ತು," ಎಂದರು.

ಎದುರಿಗೆ ಮೊದಲಿನದೇ ಬಿಳುಪು. ಏನು ಕಾಣಿಸಿತೆಂದು ಹೆಂಡತಿ ಕೇಳಿದಳು. ಬಂಡೆಯ ಅಂಚು, ಅದರ ಉದ್ದಕ್ಕೂ ಬೀಳುವ ನೀರು, ಪೂರ್ತಿ, ಎಂದರು. ಎಷ್ಟು ಹೊತ್ತು ಎಂದೆ.

"ನೀವು ಕೋತಿ ಜೊತೆ ಡಬ್ಬಿ ಎಳೆದಾಡೋಷ್ಟ್ ಹೊತ್ತು, ಅಳಿಯಂದ್ರೇ."

ಮಗಳ ವಿಡಿಯೋದಲ್ಲಿ ಬಬೂನ್ ಇದೆ, ನಾನಿದ್ದೇನೆ, ಇಬ್ಬರ ಮುಖಭಾವವೂ ಒಂದೇ. ಅತ್ತೆಯೂ ಇಲ್ಲ, ಜಲಪಾತವೂ ಇಲ್ಲ. ಅವರು ಹೇಳಿದ ಬಂಡೆಯ ಅಂಚು ಪಠ್ಯಪುಸ್ತಕದ ಚಿತ್ರದ್ದೇ ಎಂದು ಹೆಂಡತಿಯ ವಾದ. ಪುಸ್ತಕದ ಚಿತ್ರ ನಿಜವಾಗಿದ್ದರೆ ಕಂಡದ್ದೂ ಹಾಗೇ ಇರಬೇಕಲ್ಲ ಎಂದು ನನ್ನದು. ಈಚೆಗೆ ನನಗೂ ಅಂಚಿನ ಮೇಲೊಂದು ಕಾಮನಬಿಲ್ಲು ಕಂಡ ನೆನಪು ಬರತೊಡಗಿದೆ. ವಿಮಾನ ನಿಲ್ದಾಣದಲ್ಲಿ ಮಾರುತ್ತಿದ್ದ ಪೋಸ್ಟ್‌ಕಾರ್ಡಿನ ಮೇಲೆ ಅನುಮಾನವಿದೆ.

ಮೇ ತಿಂಗಳ ರಜೆಗೆ ಲೀಕ್ಸ್‌ಲಿಪ್ ಊರಿನಿಂದ ಗೆಳೆಯರ ಸಂಸಾರವೊಂದು ಊಟಕ್ಕೆ ಬಂದಿತ್ತು. ಅತ್ತೆ ಜಲಪಾತವನ್ನು ವರ್ಣಿಸಿದ ರೀತಿಗೆ ಗೆಳೆಯನ ಹೆಂಡತಿ ಅನ್ನ ಕಲಸುವುದನ್ನೇ ಮರೆತಳು. ತಾವೂ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಾಗಿ ಹೇಳಿ, ಯಾವ ತಿಂಗಳು ಒಳ್ಳೆಯದು ಎಂದು ಕೇಳಿದಳು. ನಾವು ಮೂವರೂ ತಟ್ಟೆ ನೋಡಿಕೊಂಡೆವು.

"ಆಗಸ್ಟ್ ಮೇಲೆ ಹೋಗಮ್ಮ," ಎಂದರು ಅತ್ತೆ. "ಏಪ್ರಿಲ್‌ನಲ್ಲಿ ಏನೂ ಕಾಣಲ್ಲ."

"ಮತ್ತೆ ನಿಮಗೆ ಕಾಣ್ತು ಅಂದ್ರಿ?" ಎಂದೆ. ಬಾಯಿ ತಡೆಯಲಿಲ್ಲ.

"ನನಗೆ ಕಾಣ್ತು," ಎಂದು ಅವರು ಸಾರಿನ ಸೌಟು ಕೈಗೆತ್ತಿಕೊಂಡರು. "ಅವರ ಅಪ್ಪ ಅಮ್ಮ ಏನು ಭೂಗೋಳದ ಮೇಷ್ಟ್ರೇ?"